ಸತ್ತೆಮ್ಮೆಯ ಹಾಲು

ವೀಲಿಂಗ್ ಊರಿನ ಗ್ರಂಥಾಲಯ, ನೆಲಮಾಳಿಗೆ.
ಡೆಲ್ಫೀನ್ ಟಿಲ್‌ಮನ್ ಮೈಕ್ರೋಫಿಲ್ಮಿನ ಹಿಡಿ ತಿರುಗಿಸುತ್ತಾಳೆ.
ಸಾವಿರದ ಎಂಟುನೂರ ಎಂಬತ್ತೇಳರ ಜೂನ್
ಸರ್ರನೆ ಜಾರುತ್ತದೆ: ಸಾಬೂನಿನ ಜಾಹೀರಾತು,
ಹಂದಿಯ ಧಾರಣೆ, ನದಿಯಲ್ಲಿ ಮುಳುಗಿದ ದೋಣಿ,
ಅದರ ಕೆಳಗೆ ಬೆರಳುದ್ದದ ಅಂಕಣ,
ಬೇಸ್‌ಬಾಲ್.

ಮುತ್ತಜ್ಜನ ತಮ್ಮ ಅಮೋಸ್, ಕ್ಯಾಚರ್.
ಅವನು ಬೀಸಿದ ಚೆಂಡು ಚರ್ಮದ ಕಾರ್ಖಾನೆಯ ಮಾಡು ಹಾರಿ
ಓಹಿಯೋ ನದಿಗೆ ಬಿತ್ತಂತೆ,
ಸಿನ್ಸಿನಾಟಿಯ ಬೆಸ್ತನೊಬ್ಬನ ಬಲೆಗೆ ಸಿಕ್ಕಿತಂತೆ.
ಸತ್ತೆಮ್ಮೆಗೆ ಹನ್ನೆರಡು ಸೇರು ಹಾಲು.
ಅವಳಿಗೆ ಬೇಕಾದ್ದು ಒಂದೇ ಪಾವು,
ನೀರು ಬೆರೆಸದ್ದು.

ಅಳೆಯಲು ಕೂತರೆ ಸೇರೇ ಸೊಟ್ಟ.
ಎಸೆಯುವವನು ಇಂದಿಗಿಂತ ಐದಡಿ ಹತ್ತಿರ.
ಆಟವಿಡೀ ಒಂದೇ ಚೆಂಡು, ಕತ್ತಲಾಗುವಷ್ಟರಲ್ಲಿ
ಹೊಗೆಸೊಪ್ಪಿನ ಉಗುಳಲ್ಲಿ ನೆನೆದು
ಸುಟ್ಟ ಬದನೆಕಾಯಿ.
ಅಂಪೈರು ಊರ ಕ್ಷೌರಿಕ,
ರೈಲಿನ ಸಿಳ್ಳೆ ಕೇಳಿದರೆ ತೀರ್ಪೂ ಓಡುತ್ತಿತ್ತು.
ಆ ಒಂದು ವರ್ಷ, ಕೇಳಿ,
ನಾಲ್ಕು ಚೆಂಡು ತಪ್ಪಿದರಷ್ಟೇ ಔಟು,
ಬ್ಯಾಟು ಬೀಸದೆ ಸುಮ್ಮನೆ ನಡೆದು ಹೋದರೂ
ಹೊಡೆದಂತೆಯೇ ಲೆಕ್ಕ!

ಪಕ್ಕದ ಮೇಜಿನಲ್ಲಿ ಹರ್ಷೆಲ್ ಫೋಗ್ಟ್,
ವಿಮಾ ಕಂಪನಿಯಲ್ಲಿ ನಲವತ್ತು ವರ್ಷ
ಸಾವಿನ ಸರಾಸರಿ ತೆಗೆದವನು. ಕೆಟ್ಟವನಲ್ಲ.
"ಮೂವತ್ತೊಂದು ಆಟದಿಂದ ಏನೂ ಹೇಳಲಾಗದು, ಡೆಲ್ಫೀನ್.
ಎದುರಾಳಿಗಳಾದರೂ ಯಾರು? ಗಾಜಿನ ಕುಲುಮೆಯ ಹುಡುಗರು,
ಮಧ್ಯಾಹ್ನಕ್ಕೇ ಬಿಯರು ಏರಿದವರು.
ಇಂದಿನ ಕಾಲೇಜು ತಂಡ ಸಾಕು ಅವರಿಗೆ."
ಇರಬಹುದು.
"ಮೇಲಾಗಿ ಹದಿನೆಂಟನೇ ತಾರೀಖು ನೋಡು,
ಕೈಬಿಟ್ಟ ಚೆಂಡು: ಟಿಲ್‌ಮನ್, ಏಳು."

ಏಳು.
ಅವಳಿಗೆ ಆ ಏಳು ಗೊತ್ತು.
ಬಿಳಿಯ ಪಿಚರ್ ಕರಿಯನ ಸನ್ನೆ ಪಾಲಿಸುವುದಿಲ್ಲವೆಂದ;
ಅಮೋಸ್ ಎರಡು ಬೆರಳು ತೋರಿದರೆ ಅವನು ಆಕಾಶ ನೋಡಿ ಎಸೆದ.
ಎತ್ತ ಬರುವುದೆಂದು ತಿಳಿಯದ ಚೆಂಡನ್ನು
ಕೈಗವಸಿಲ್ಲದವನು ಎಷ್ಟು ಹಿಡಿದಾನು?
ಏಳು ಬಿಟ್ಟದ್ದು ಅಚ್ಚಾಯಿತು.
ಹಿಡಿದದ್ದಕ್ಕೆ ಅಂಕಣವೇ ಇಲ್ಲ.
ಮರುವರ್ಷ ಅವನಿಗೆ ತಂಡವೂ ಇಲ್ಲ.

ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಅನ್ನುತ್ತಾರೆ.
ಅಂಗೈಯೇ ಮಣ್ಣಾದ ಮೇಲೆ?
ಉಳಿದದ್ದೊಂದು ಫೋಟೋ: ಹನ್ನೊಂದು ಮೀಸೆ,
ತುದಿಯಲ್ಲಿ ಅವನು, ಬಲಗೈ ಮೊಣಕಾಲ ಮೇಲೆ.
ಉಂಗುರದ ಬೆರಳು ಹೊರಳಿ
ಬೇರೆ ಯಾವುದೋ ಊರಿನ ದಾರಿ ತೋರಿಸುತ್ತಿದೆ.

"ಏನಂತ ಬರೆಯಲಿ?" ಹರ್ಷೆಲ್ ಕೇಳುತ್ತಾನೆ,
"ಉತ್ತಮ? ಸಾಧಾರಣ?"
ಬಾಗಿಲು ಹಾಕುವ ಗಂಟೆ ಬಾರಿಸುತ್ತದೆ.
"ಸನ್ನೆ ಮಾಡಿದ ಅಂತ ಬರೆ," ಅನ್ನುತ್ತಾಳೆ,
ಹಿಡಿಯನ್ನು ಹಿಂದಕ್ಕೆ ತಿರುಗಿಸುತ್ತಾಳೆ.

ಸುರುಳಿ ಮರಳಿ ಓಡುತ್ತದೆ.
ಮುಳುಗಿದ ದೋಣಿ ಮೇಲೇಳುತ್ತದೆ,
ಹಂದಿಯ ಧಾರಣೆ ಒಂದು ಸೆಂಟು ಇಳಿಯುತ್ತದೆ.