ನೊಣಗಳಿಗೆ ಅಡುಗೆ

ಕುತಾಯಿಸಿಯ ಕಾಲೇಜಿನ ನೆಲಮಾಳಿಗೆಯಲ್ಲಿ
ಸೋಮವಾರ ಸೋಮವಾರ ನಾನು ಗಂಜಿ ಕಾಯಿಸುತ್ತೇನೆ:
ಮೆಕ್ಕೆಜೋಳದ ಹಿಟ್ಟು, ಸಕ್ಕರೆ, ಯೀಸ್ಟು, ಒಂದಿಷ್ಟು ಅಗರ್.
ತಳ ಹಿಡಿಯದ ಹಾಗೆ ಕೈಯಾಡಿಸುತ್ತಲೇ ಇರಬೇಕು.
ಮನೆಯಲ್ಲೂ ಇದೇ ಹಿಟ್ಟು, ಇಂಥದೇ ಸೌಟು;
ಅಲ್ಲಿ ಉಣ್ಣುವವನು ಚೀಸ್ ಎಲ್ಲಿ ಎಂದು ಕೇಳುತ್ತಿದ್ದ,
ಇಲ್ಲಿಯವು ಏನೂ ಕೇಳುವುದಿಲ್ಲ.

ನೊಣ ಹೊಡೆಯುತ್ತ ಕೂತವರು ಊರ ತುಂಬ ಇದ್ದಾರೆ,
ನೊಣ ಸಾಕಿ ಸಂಬಳ ತಂದವಳು ನಮ್ಮ ಲಾಮ್ಜಿರಾ ಒಬ್ಬಳೇ,
ಎಂದು ನೆಂಟರೆದುರು ನಗುತ್ತಿದ್ದ.

ದೇಶ ಒಡೆದ ಆ ಚಳಿಗಾಲ
ಹೋದ ಕರೆಂಟು ಮಾರ್ಚಿಯವರೆಗೆ ಬರಲಿಲ್ಲ.
ಕಪಾಟಿನ ಸೀಸೆಗಳಲ್ಲಿ ಒಂದೊಂದೇ ಸಂತತಿ ಉದುರಿತು.
ಉಳಿದದ್ದು ಬಿಳಿಗಣ್ಣಿನವು, ಮೂರು ಸೀಸೆ.
ಸ್ವೆಟರಿನೊಳಗೆ ಎದೆಗೆ ಕಟ್ಟಿಕೊಂಡು
ಬ್ರೆಡ್ಡಿನ ಸಾಲಿನಲ್ಲಿ ನಿಂತೆ.
ಮುಂದಿದ್ದವಳು ತಿರುಗಿ ಕೇಳಿದಳು: ಮಗುವೇ?
ಹೂಂ ಅಂದೆ.
ಜಾಗ ಬಿಟ್ಟಳು.

ಇವತ್ತು ಎರಡನೇ ವರ್ಷದವರು ಎಣಿಸುತ್ತಿರುವುದು
ಅವುಗಳ ಮರಿಮಕ್ಕಳ ಮರಿಮಕ್ಕಳನ್ನು.
ಎಷ್ಟನೇ ತಲೆಮಾರೋ. ಹನ್ನೆರಡು ದಿನಕ್ಕೊಂದು,
ಬೇಕಾದರೆ ಲೆಕ್ಕ ಹಾಕಿಕೊಳ್ಳಿ.

ಕೋಣೆಯ ತುಂಬ ಈಥರ್ ವಾಸನೆ.
ಬಿಳಿ ತಟ್ಟೆಯ ಮೇಲೆ ಮೈಮರೆತ ನೊಣಗಳು,
ಚಿತ್ರ ಬರೆಯುವ ಕುಂಚದಿಂದ ಅತ್ತ ಇತ್ತ ಸರಿಸುವ ಮಕ್ಕಳು.
ಬಿಳಿಗಣ್ಣಿನ ತಾಯಿ, ಕೆಂಗಣ್ಣಿನ ತಂದೆ:
ಹೆಣ್ಣಿಗೆಲ್ಲ ಅಪ್ಪನ ಕಣ್ಣು, ಗಂಡಿಗೆಲ್ಲ ಅಮ್ಮನ ಕಣ್ಣು.
ಎಮ್ಜಾರ್ ಮೇಷ್ಟರು ಬೋರ್ಡಿನ ಮೇಲೆ ಬರೆದು ಒರೆಸಿದ್ದಾರೆ;
ಒರೆಸಿದ್ದು ಇನ್ನೂ ಓದಲು ಬರುತ್ತದೆ.

ಓತಿಯಾ ಸೀಸೆಯ ಹತ್ತಿ ತೆಗೆಯುವ ಮೊದಲೇ
ಅರವತ್ತು, ಅರವತ್ತು ಎಂದು ಬರೆದು
ಕಿಟಕಿಯಾಚೆ ರಿಯೋನಿ ನದಿ ನೋಡುತ್ತ ಕೂತ.
ಪಿಕ್ರಿಯಾ ಅರವತ್ತೊಂದು ಹೆಣ್ಣು ಎಣಿಸಿದಳು,
ಐವತ್ತೇಳು ಗಂಡು,
ಆಮೇಲೆ ಅವಳ ಕುಂಚ ನಿಂತಿತು.

ಹೊಟ್ಟೆಯ ತುದಿ ಕಪ್ಪು. ಮುಂಗಾಲಲ್ಲಿ ಪುಟ್ಟ ಬಾಚಣಿಗೆ.
ಗಂಡೇ.
ಕಣ್ಣು ಮಾತ್ರ ಕೆಂಪು.

ಅಕ್ಟೋಬರ್ ಅಲ್ಲವೇ, ಎಂದರು ಮೇಷ್ಟರು,
ಮನೆಮನೆಯಲ್ಲೂ ದ್ರಾಕ್ಷಿ ತುಳಿಯುತ್ತಿದ್ದಾರೆ,
ನಿನ್ನ ತೋಳಿಗೆ ಅಂಟಿ ಬಂದಿರಬೇಕು.
ನಿನ್ನೆ ಮಾವನ ಮನೆಯಲ್ಲಿ, ನೆಲದಲ್ಲಿ ಹೂತ ಹಂಡೆ ಕಲಕಿದೆ,
ಬಂದಿದ್ದರೂ ಬಂದಿರಬಹುದು, ಎಂದಳು.
ಅಥವಾ ತಾಯಿಯ ಮೊಟ್ಟೆಯಲ್ಲೇ ಕ್ರೋಮೋಸೋಮು ಜಾರಿರಬಹುದು;
ಸಾವಿರಕ್ಕೋ ಎರಡು ಸಾವಿರಕ್ಕೋ ಒಮ್ಮೆ ಹಾಗಾಗುತ್ತದೆ.
ಹಾಗೆ ಹುಟ್ಟಿದವನಿಗೆ ಮಕ್ಕಳಾಗುವುದಿಲ್ಲ.

ಮೇಷ್ಟರು ಬಸ್ಸಿಗೆ ಹೊತ್ತಾಯಿತೆಂದು ಹೊರಟರು.
ಪಿಕ್ರಿಯಾ ಪುಸ್ತಕದಲ್ಲಿ ಸ್ಕೇಲಿಲ್ಲದೆ ಒಂದು ಗೀಟೆಳೆದಳು,
ಹೊಸ ಕಾಲಮ್ಮು, ತಲೆಬರಹವಿಲ್ಲ.
ಒಳಗೆ: ಒಂದು.

ಅಮ್ಮಾ, ಎಂದಳು ನನ್ನತ್ತ ತಿರುಗಿ,
ಒಂದು ಸೀಸೆ ಸಿಗುತ್ತದೆಯೇ?

ಕೊಟ್ಟೆ. ಇನ್ನೂ ಗಂಡು ಕಾಣದ ಮೂರು ಹೆಣ್ಣುಗಳನ್ನೂ ಕೊಟ್ಟೆ.
ಅವನು ಅಮಲಿನಿಂದ ಎದ್ದು
ಒಂದು ರೆಕ್ಕೆ ಕೊಡವಿ, ಗಂಜಿಯ ಮೇಲೆ ನಡೆದ.
ತಂದೆಯಾದರೆ ಪರಕೀಯ.
ಆಗದಿದ್ದರೆ ನಮ್ಮವನು.

ಓತಿಯಾನ ಅರವತ್ತು ಅರವತ್ತಕ್ಕೆ ಪೂರ್ತಿ ಅಂಕ ಬಂತು.

ಇವತ್ತು ಐದನೆಯ ದಿನ.
ಸೀಸೆಯನ್ನು ಬೆಳಕಿಗೆ ಹಿಡಿಯುತ್ತೇನೆ.
ಗಂಜಿ ನುಣ್ಣಗಿದೆ, ಹುಳು ಹರಿದ ಗೆರೆಯಿಲ್ಲ,
ಅಂಚಿನಲ್ಲಿ ಒಂದು ಗೆರೆ ಇದ್ದಂತೆಯೂ ಇದೆ.
ಕನ್ನಡಕ ಒರೆಸಿಕೊಂಡು ಮತ್ತೆ ಹಿಡಿಯುತ್ತೇನೆ,
ಏನಾಗಲಿ ಎಂದು ಬೇಡಬೇಕೋ ತಿಳಿಯದೆ.

ಹಿಂದೆ ಒಲೆಯ ಮೇಲೆ ಸೋಮವಾರದ ಗಂಜಿ,
ಇಷ್ಟು ವರ್ಷದಲ್ಲಿ ಮೊದಲ ಸಲ,
ತಳ ಹಿಡಿಯಿತು.