ಒಂದು ಕಾಗದದಷ್ಟು

ಮಿಲ್ಲಿಂಗ್ ಮೆಷಿನ್ ಬಂತು. ವೈಸ್ ಬರಲಿಲ್ಲ.
ಶಿವಮೊಗ್ಗದಿಂದ ಭದ್ರಾವತಿಗೆ ಲಗೇಜ್ ಆಟೋದಲ್ಲಿ
ಗೋಣಿ ಹೊದ್ದು, ಜ್ವರ ಬಂದವರ ಹಾಗೆ ಬಂತು.
ಕ್ಲ್ಯಾಂಪುಗಳೆಲ್ಲಿ ಎಂದರೆ ಮಾರಿದವನು
“ಅವೆಲ್ಲ ನಮ್ಮಪ್ಪ ಇದ್ದಾಗ ಇದ್ದವು” ಅಂದ.

ಸೀಮೆಎಣ್ಣೆ ಹಚ್ಚಿ ಟೇಬಲ್ ಒರೆಸಿದೆ.
ಉದ್ದಕ್ಕೆ ಮೂರು ಸ್ಲಾಟು, ಮೂರೂ ಖಾಲಿ.
ಬಾಯಿ ಹದಿನಾಲ್ಕು ಎಂಎಂ, ಹೊಟ್ಟೆ ಇಪ್ಪತ್ಮೂರು.
ಹೇಳಿಕೊಳ್ಳಲು ಉಕ್ಕಿನ ಊರು ನಮ್ಮದು;
ಈ ಹೊಟ್ಟೆಗೆ ಒಗ್ಗುವ ಒಂದು ಟಿ-ನಟ್
ಯಾವ ಅಂಗಡಿಯಲ್ಲೂ ಇಲ್ಲ.

ಮಾಡಿಕೊಳ್ಳಬೇಕು. ಮಾಡಲು ಮಿಲ್ಲಿಂಗ್ ಬೇಕು.
ಮಿಲ್ಲಿಂಗಿಗೆ ತುಂಡು ಅಲ್ಲಾಡದಿರಲು ಟಿ-ನಟ್ ಬೇಕು.
ಹುಚ್ಚು ಬಿಡದೆ ಮದುವೆಯಾಗದು,
ಮದುವೆಯಾಗದೆ ಹುಚ್ಚು ಬಿಡದು ಎಂದೆ.
ಅಕ್ಕ ಸೊಪ್ಪು ಸೋಸುತ್ತಾ,
“ನಿನಗೆ ಎರಡೂ ಆಗಿಲ್ಲ.”

ನವಾಜನ ಗುಜರಿಯಲ್ಲಿ ಕೆಜಿ ಲೆಕ್ಕಕ್ಕೆ
ಟಿಲ್ಲರಿನ ಚಕ್ರದ ಬೋಲ್ಟು, ನಾಲ್ಕು. ದಪ್ಪ ತಲೆ.
ಗ್ರೈಂಡರಿಗೆ ಒಡ್ಡಿ ಎರಡು ಕೆನ್ನೆ ಸವೆಸಿದೆ,
ಸ್ಲಾಟಿಗೆ ಹಿಡಿದು ನೋಡಿದೆ, ಮತ್ತೆ ಸವೆಸಿದೆ.
ಜೀಪಿನ ಕಮಾನು ಪಟ್ಟಿಯ ತುಂಡು ಕ್ಲ್ಯಾಂಪಿಗೆ:
ಗರಗಸ ಅದರ ಮೇಲೆ ಹಲ್ಲು ಕಿರಿಯಿತಷ್ಟೆ.
ಬಚ್ಚಲ ಹಂಡೆಯ ಒಲೆಯಲ್ಲಿ ಕೆಂಪಗೆ ಕಾಯಿಸಿ
ರಾತ್ರಿಯಿಡೀ ಬೂದಿಯಲ್ಲಿ ಹೂತಿಟ್ಟೆ.
ಬೆಳಿಗ್ಗೆ ತೆಗೆದರೆ ಅರಕ್ಕೆ ಬಗ್ಗಿತ್ತು.
ಅಕ್ಕನ ಸ್ನಾನ ತಣ್ಣೀರಿನಲ್ಲಿ.

ಕಟ್ಟರ್ ತಾಗಿದ್ದೇ ತಡ, ತುಂಡು ಜಾರಿತು.
ಟಕ್. ಎಂಟುನೂರ ಐವತ್ತು ರೂಪಾಯಿ, ಎರಡು ಹೋಳು.
ಒಂದು ಹೋಳು ಇನ್ನೂ ಸಿಕ್ಕಿಲ್ಲ.

ಸದ್ದಿಗೆ ಕಾಂಪೌಂಡಿನಾಚೆಯಿಂದ ದೊರೈರಾಜ್ ಬಂದರು.
ಮೂವತ್ತೆಂಟು ವರ್ಷ ಫಿಟ್ಟರ್, ಎಡಗೈಗೆ ಕಿರುಬೆರಳಿಲ್ಲ.
ಕನ್ನಡಕವನ್ನೂ ತರಲಿಲ್ಲ. ಕ್ಲ್ಯಾಂಪಿನ ಕೆಳಗೆ
ಉಗುರು ತೂರಿಸಿ ನೋಡಿ, ನನ್ನನ್ನು ನೋಡಿದರು.

“ಬೋಲ್ಟು ಎಲ್ಲಿಟ್ಟೆ? ಆಸರೆಯ ಮಗ್ಗುಲಲ್ಲಿ.
ನೀನು ಬಿಗಿದದ್ದೆಲ್ಲ ಆಸರೆಯೇ ತಿಂತು,
ಕೆಲಸಕ್ಕೆ ಏನು ಉಳೀತು?
ಈ ಕಡೆ ತಾ. ತುಂಡಿಗೆ ಒತ್ತಿ ನಿಲ್ಲಲಿ.
ಹಿಂದಿನ ಕಾಲು ಒಂದು ಕಾಗದದಷ್ಟು ಎತ್ತರ. ಒಂದೇ.
ಇನ್ನೊಂದು ಕಾಗದ ತುಂಡಿನ ಅಡಿಗೆ.
ಕಬ್ಬಿಣ ಕಬ್ಬಿಣಾನ ಹಿಡಿಯಲ್ಲ ಕಣೋ, ಜಾರ್ತದೆ.
ನಡುವೆ ಮೆತ್ತಗಿರೋದು ಏನಾದ್ರೂ ಬೇಕು.”

ಹಾಗೆಂದವರು ತಮ್ಮ ಮನೆಯಲ್ಲಿ
ಹೆಂಡತಿ ಜತೆ ಮಾತು ಬಿಟ್ಟು ಎರಡು ವರ್ಷ.
ನಾನೇನೂ ಅನ್ನಲಿಲ್ಲ.
ನಿನ್ನೆಯ ಪೇಪರಿನ ಟೆಂಡರ್ ಪುಟ ಹರಿದೆ.

ಬೇರಿಂಗಿನ ಹಳೇ ಬಳೆ, ಅದರ ಮೇಲೊಂದು ಕಾಗದ,
ಕ್ಲ್ಯಾಂಪು, ವಾಷರು, ಟಿಲ್ಲರಿನ ಬೋಲ್ಟು.
ಸ್ಪ್ಯಾನರ್ ಕೊನೆಯ ಕಾಲು ಸುತ್ತಿಗೆ ನರಳಿತು.
ಉಸಿರು ಬಿಗಿಹಿಡಿದು ಹ್ಯಾಂಡಲ್ ತಿರುವಿದೆ.
ನೀಲಿಗಟ್ಟಿದ ಚೂರು
ತೋಳಿಗೆ ತಾಗಿ ಚುರ್ ಎಂದಿತು, ಸುಖವಾಗಿ.

ಸಂಜೆಗೆ ಒಂದು ಟಿ-ನಟ್.
ಸ್ಲಾಟಿನ ಈ ತುದಿಯಿಂದ ಬಿಟ್ಟರೆ ಆ ತುದಿಗೆ ಸರ್‍ರನೆ.
ಅದರ ಹೊಟ್ಟೆಯ ಮೇಲೆ ಪೇಪರಿನ ಮಸಿ, ಅಕ್ಷರ ತಿರುಗುಮುರುಗು:
ಕನ್ನಡಿ ಹಿಡಿದು ಅಕ್ಕ ಓದಿದಳು,
“…ಕೊನೆಯ ದಿನಾಂಕದೊಳಗೆ ಸಲ್ಲಿಸತಕ್ಕದ್ದು.”

ದೊರೈರಾಜ್ ಅಂಗೈಯಲ್ಲಿ ತೂಗಿ ನೋಡಿದರು.
ಚೆನ್ನಾಗಿದೆ ಅನ್ನಲಿಲ್ಲ.
“ಇನ್ನು ಏಳು” ಎಂದು,
ಉಳಿದ ಪೇಪರ್ ಮಡಚಿ ಕಂಕುಳಲ್ಲಿಟ್ಟುಕೊಂಡು
ಮನೆಗೆ ಹೋದರು.