ನೆರಳಿನ ಗೆರೆ

ಬೆಟಗೇರಿಯ ಅಂಬುಬಾಯಿ ಬಾಕಳೆಯವರ ಮಾಳಿಗೆ ಹತ್ತಿ
ಟೇಪು ಬಿಚ್ಚಿದೆ. ಉದ್ದ ಇಪ್ಪತ್ತೆರಡು ಫೂಟು, ಅಗಲ ಹದಿನೆಂಟು.
ಅಡ್ಡಗಳದ ಮೇಲೆ ಆಗಷ್ಟೇ ಬಣ್ಣ ಕುಡಿದ ನೂಲಿನ ಲಡಿಗಳು
ತೊಟ್ಟಿಕ್ಕುತ್ತಿದ್ದವು.

"ತೆಂಕಣಕ್ಕ ಮಾರಿ ಮಾಡಿ ಕೂಡಸ್ತೀಯೇನೋ ತಮ್ಮಾ,
ಯಮನ ದಿಕ್ಕಿಗೆ?"
"ಹೌದ್ರಿ, ಹದಿನೈದು ಡಿಗ್ರಿ ಬಾಗಿಸಿ.
ಬಿಸಲು ಜಾಸ್ತಿ ಅತ್ತಲಿಂದನ."

ಕೆಳಗೆ ಎರಡು ಪವರ್‌ಲೂಮು.
ಕರೆಂಟು ಹೋಯಿತು;
ಇಡೀ ಓಣಿಯ ಕೆಮ್ಮು ಒಮ್ಮೆಲೇ ಕೇಳಿಸಿತು.

ನನ್ನ ಫೋನು ಉಪಗ್ರಹವನ್ನು ಕೇಳಿ ಹೇಳಿತು:
ಮೂರು ಕಿಲೋವ್ಯಾಟ್, ಅಡ್ಡಿಯೇನಿಲ್ಲ.
ಅವರು ನಕ್ಕರು. ಸೀಮೆಸುಣ್ಣದ ತುಂಡು ಹುಡುಕಿ ತಂದು,
ಒಂದು ಕೈ ಸೊಂಟಕ್ಕಿಟ್ಟು, ಬಗ್ಗಿ,
ಗಚ್ಚಿನ ಮೇಲೆ ಎಳೆಯುತ್ತ ಹೋದರು:
"ದೀಪಾವಳಿ ದಾಟಿದ್ರ, ಮೂರು ಗಂಟೆಕ್ಕ
ಹಬೀಬರ ಟಾಕಿ ನೆಳ್ಳು ಇಲ್ಲಿ.
ಎಳ್ಳಮಾಸಿಗೆ ಇಲ್ಲಿ, ನನ್ನ ಕಾಲಬುಡಕ್ಕ.
ಶಿವರಾತ್ರಿಗೆ ಬಂದ ದಾರೀಲೆ ತಿರಗಿ ಹೊಕ್ಕೈತಿ."

ಮೂವತ್ತು ವರ್ಷ
ನೆರಳಿಗಿಂತ ಒಂದು ಹೆಜ್ಜೆ ಮುಂದೆ
ಒದ್ದೆ ನೂಲನ್ನು ಸರಿಸಿದವರು.
ನಾನು ಈ ಕೆಲಸಕ್ಕೆ ಸೇರಿ ಏಳು ತಿಂಗಳು.

"ಬಿಲ್ಲು ಕಡಿಮಿ ಆಗತೈತಿ ಅಂದ್ರ ಹಾಕು.
ಆದ್ರ ನನ್ನ ಗಳಕ್ಕ ಆರು ಫೂಟ ಬಿಡು.
ಸೂರ್ಯಾ ಎಲ್ಲಾನೂ ತಂತಿಯೊಳಗ ಹೋಗಬಾರದು."

ಮೂರು ಹೊಡೆದು ಎರಡು ಬರೆದೆ.
'ಅಡೆತಡೆ' ಎಂಬ ಕಾಲಮಿನಲ್ಲಿ:
ಒದ್ದೆ ನೂಲು, ಆರು ಫೂಟು.
ಆಫೀಸಿನಲ್ಲಿ ಕೇಳಿದರೆ ಏನು ಹೇಳುವುದೋ,
ಇನ್ನೂ ಯೋಚಿಸಿಲ್ಲ.

ಅದಾಗಿ ಎಷ್ಟೋ ಮಾಳಿಗೆ ಅಳೆದೆ.
ಟೇಪು ಎಳೆದಾಗೆಲ್ಲ
ಹದಿನಾಲ್ಕನೇ ಫೂಟಿನ ಹತ್ತಿರ ಒಂದು ಕೆಂಪು ಕಲೆ
ಹೊರಗೆ ಬರುತ್ತದೆ, ಒಳಗೆ ಹೋಗುತ್ತದೆ.